ಅಬ್ಬಬ್ಬ ಗಡಿಯಾರ ನೋಡಲು ಹೋದದ್ದು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಕೊಡೆ.

ಸಾಮಾನ್ಯ ಕೊಡೆಯಲ್ಲ ಅದು. ಬಿಚ್ಚಿದರೆ ಅದರ ಕೆಳಗೆ ಒಂದು ಸಂಸಾರ ಒಲೆ ಹೂಡಿಕೊಂಡು ಆರಾಮಾಗಿ ಇರಬಹುದು, ಅಷ್ಟು ದೊಡ್ಡದು. ಬಣ್ಣವೋ, ಎಂಥ ಕೆಂಪೆಂದರೆ ಎದುರಿಗೆ ಬರುವ ಬಸ್ಸು ಡ್ರೈವರನನ್ನು ಕೇಳದೆ ತಾನೇ ನಿಂತುಬಿಡಬೇಕು. ಅದನ್ನು ಹುಡುಗನ ಕೈಗೆ ತುರುಕಿದವಳು ಅವನ ಬಾಡಿಗೆ ಮನೆಯ ಒಡತಿ. ಆಕಾಶದ ಮೂಲೆಯಲ್ಲಿ ಕರವಸ್ತ್ರದಷ್ಟು ಮೋಡ ಅವಳ ಕಣ್ಣಿಗೆ ಬಿದ್ದಿತ್ತು. ಹುಡುಗ ಪರದೇಶಿ, ನೆಂದರೆ ನೆಗಡಿ, ನೆಗಡಿಯಾದರೆ ರಾತ್ರಿಯೆಲ್ಲ ಸೀನು, ಅವನು ಅಟ್ಟದ ಮೇಲೆ ಸೀನಿದರೆ ಕೆಳಗೆ ಮಲಗಿದ ತನ್ನ ಮುಖದ ಮೇಲೆ ಧೂಳು. ಇಷ್ಟು ದೂರ ಯೋಚನೆ ಮಾಡಿ ಅವಳು ಕೊಡೆ ಕೊಟ್ಟಳು. ಅವನು ತೆಗೆದುಕೊಂಡ.

ಪರದೇಶಕ್ಕೆ ಓದಲು ಬಂದ ಈ ಹುಡುಗನಿಗೆ ಅಪ್ಪ ಅಮ್ಮ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಬೀದಿಯವರು ಅದನ್ನು ಬಳಸಲಿಲ್ಲ ಅಷ್ಟೆ. ಚಿಕ್ಕಂದಿನಲ್ಲಿ ನೀರಿನ ಟ್ಯಾಂಕರ್ ಬಂದರೂ ಅವನು ‘ಅಬ್ಬಬ್ಬಾ’ ಅನ್ನುತ್ತಿದ್ದ, ಪಕ್ಕದ ಮನೆಗೆ ಹೊಸ ಬಾಗಿಲು ಇಟ್ಟರೂ ‘ಅಬ್ಬಬ್ಬಾ’ ಅನ್ನುತ್ತಿದ್ದ. ಲೈನ್‌ಮನ್ ಕಂಬ ಹತ್ತಿದರೆ ಇಳಿಯುವ ತನಕ ಕೆಳಗೆ ನಿಂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಇವನು ಬಂದು ನಿಲ್ಲದೆ ಆ ಲೈನ್‌ಮನ್ನಿಗೆ ಕಂಬ ಹತ್ತಲು ಉಮೇದೇ ಬರುತ್ತಿರಲಿಲ್ಲವಂತೆ. ಹೀಗೆ ಹುಡುಗನಿಗೆ ಅಬ್ಬಬ್ಬ ಅಂತಲೇ ಹೆಸರಾಯಿತು. ಅಜ್ಜಿ ಒಬ್ಬಳು ಮಾತ್ರ ಮರಿ ಅನ್ನುತ್ತಿದ್ದಳು.

ಆ ಅಜ್ಜಿಯ ಹತ್ತಿರ ಸೂಜಿ ದಾರ ಇಡುವ ಒಂದು ಹಳೇ ಬಿಸ್ಕತ್ತಿನ ಡಬ್ಬಿ ಇತ್ತು. ಮುಚ್ಚಳದ ಮೇಲೆ ಯಾವುದೋ ದೂರದ ಊರಿನ ಗಡಿಯಾರದ ಗೋಪುರದ ಚಿತ್ರ. ಗಡಿಯಾರದ ಕೆಳಗೆ ಎರಡು ಪುಟ್ಟ ಬಾಗಿಲು, ಎರಡೂ ಮುಚ್ಚಿದ್ದವು. ಅವುಗಳ ಹಿಂದೆ ಏನಿದೆ ಎಂದು ಹುಡುಗ ಕೇಳಿದರೆ, ಗೊಂಬೆಗಳಿವೆಯಂತೆ, ಹೊತ್ತಾದಾಗ ಈಚೆ ಬಂದು ಕುಣಿಯುತ್ತವಂತೆ ಅಂದಿದ್ದಳು ಅಜ್ಜಿ. ಎಂಥ ಗೊಂಬೆ, ಏನು ಕುಣಿತ, ಅದು ಅವಳಿಗೂ ಗೊತ್ತಿಲ್ಲ. ಹುಡುಗನಿಗೆ ಅಂದು ಹಿಡಿದ ಹುಚ್ಚು ಬಿಡಲಿಲ್ಲ. ಹಾಗೂ ಹೀಗೂ ಓದಿ, ಪರದೇಶದ ಕಾಲೇಜುಗಳಲ್ಲಿ ಒಂದನ್ನು ಆರಿಸಿಕೋ ಅಂದಾಗ, ಅವನು ಆರಿಸಿದ್ದು ಗಡಿಯಾರವನ್ನು. ಅದರ ಪಕ್ಕದಲ್ಲಿ ಪುಣ್ಯಕ್ಕೆ ಕಾಲೇಜೂ ಒಂದಿತ್ತು.

ಬಂದ ಮೇಲೆ ತಿಳಿದದ್ದು ಏನೆಂದರೆ, ಆ ಗೊಂಬೆಗಳು ಬಹಳ ಸೋಮಾರಿಗಳು. ವಾರಕ್ಕೊಮ್ಮೆ, ಭಾನುವಾರ ನಡುಮಧ್ಯಾಹ್ನ ಮಾತ್ರ ಈಚೆ ಬರುತ್ತವೆ. ಅಬ್ಬಬ್ಬನಿಗೋ ಭಾನುವಾರ ಒಂದು ಹೋಟೆಲಿನಲ್ಲಿ ತಟ್ಟೆ ತೊಳೆಯುವ ಕೆಲಸ. ದೂರದಲ್ಲಿ ಗಂಟೆ ಹೊಡೆಯುವಾಗ ಅವನ ಮೊಣಕೈ ತನಕ ಸೋಪಿನ ನೊರೆ. ಜೊತೆಯ ಹುಡುಗರು ಪಾಪ ಅಂದುಕೊಂಡು ಗೊಂಬೆಗಳ ವಿಷಯ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದ. ಫೋನಿನಲ್ಲಿ ತೋರಿಸಲು ಬಂದರೆ ಕಣ್ಣು ಮುಚ್ಚುತ್ತಿದ್ದ. ಚಿತ್ರಗಳನ್ನು ಮಾರುವ ಅಂಗಡಿಯ ಮುಂದೆ ಕಣ್ಣು ಮುಚ್ಚಿ ನಡೆದು ಕಂಬಕ್ಕೆ ಹಾಯ್ದು ಹಣೆ ಊದಿಸಿಕೊಂಡವನು. ನೋಡಿದರೆ ಸಾಕ್ಷಾತ್ ನೋಡಬೇಕು, ಇದು ಅವನ ಹಟ.

ಕೊನೆಗೂ ಒಂದು ಭಾನುವಾರ ಹೋಟೆಲಿನ ಮೋರಿ ಕಟ್ಟಿಕೊಂಡಿತು. ಈವತ್ತು ಅಂಗಡಿ ಇಲ್ಲ, ಮನೆಗೆ ಹೋಗು ಅಂದ ಮಾಲೀಕ. ಕಟ್ಟಿದ ಮೋರಿಯನ್ನು ನೋಡಿ ಕಣ್ಣೀರು ತುಂಬಿಕೊಂಡು ಸಂತೋಷಪಟ್ಟ ಮನುಷ್ಯ ಭೂಮಿಯ ಮೇಲೆ ಅವನೊಬ್ಬನೇ ಇರಬೇಕು. ಮುಂದಿನ ವಾರದಿಂದ ಮತ್ತೆ ತಟ್ಟೆ, ಆಮೇಲೆ ಪರೀಕ್ಷೆ, ಆಮೇಲೆ ಊರಿಗೆ. ನೋಡುವುದಾದರೆ ಇದೊಂದೇ ದಿನ.

ಇಷ್ಟಕ್ಕೆ ಸುಮ್ಮನೆ ಹೋಗಿ ನೋಡಿ ಬಂದಿದ್ದರೆ ಕತೆಯೇ ಇರುತ್ತಿರಲಿಲ್ಲ. ಅವನು ಖುಷಿ ತಡೆಯಲಾರದೆ ಅಜ್ಜಿಗೆ ಫೋನ್ ಮಾಡಿದ.

ಅಜ್ಜಿಗೆ ಸ್ವಂತ ಫೋನಿಲ್ಲ. ಪಕ್ಕದ ಮನೆಯ ಟೈಲರಮ್ಮನ ಫೋನು, ಹೊಲಿಗೆ ಮಿಷನ್ನಿಗೆ ಒರಗಿಸಿಟ್ಟದ್ದು. ಕರೆ ಬಂದರೆ ಬೀದಿಗೆ ಬೀದಿಯೇ ಬಂದು ಮಿಷನ್ನಿನ ಸುತ್ತ ಕೂರುತ್ತಿತ್ತು. ಅಂದು ಎದುರುಮನೆ ಮೇಷ್ಟ್ರೂ ಬಂದಿದ್ದರು. ಜೀವಮಾನವೆಲ್ಲ ಭೂಗೋಳ ಪಾಠ ಮಾಡಿ, ಸ್ವತಃ ತಾಲ್ಲೂಕಿನ ಗಡಿ ದಾಟದೆ ರಿಟೈರಾದವರು. ಹುಡುಗ ಗಡಿಯಾರ ತೋರಿಸುತ್ತಾನಂತೆ ಅಂತ ಅಜ್ಜಿ ಹಿಗ್ಗಿ ಹೇಳುತ್ತಿದ್ದರೆ ಮೇಷ್ಟ್ರು ಮೂಗಿಗೆ ನಶ್ಯ ಏರಿಸುತ್ತ ತಕರಾರು ತೆಗೆದರು.

“ಇವೆಲ್ಲ ಟೀವೀಲಿ ಬರೋ ಚಿತ್ರಾನೇ ತೋರಿಸೋದಮ್ಮ. ಅವನು ಅಲ್ಲೇ ಇದಾನೆ ಅಂತ ಏನ್ ಗ್ಯಾರಂಟಿ? ಗಡಿಯಾರಾನೂ ಕಾಣ್ಬೇಕು, ಅವನ ಮುಖಾನೂ ಕಾಣ್ಬೇಕು. ಎರಡೂ ಒಟ್ಟಿಗೆ. ಆಗ ನಾನು ಒಪ್ತೀನಿ.”

ಅಜ್ಜಿಗೆ ರೋಷ ಬಂತು. ಮುಖ ಸಮೇತ ತೋರಿಸದಿದ್ದರೆ ನಾಳೆಯಿಂದ ಜಗಲಿಗೆ ಬಂದು ಕೂರುವುದೇ ಇಲ್ಲ ಅಂತ ಎಲ್ಲರೆದುರಿಗೆ ಶಪಥ ಮಾಡಿಬಿಟ್ಟಳು. ಜಗಲಿ ಬಿಟ್ಟ ಅಜ್ಜಿಯನ್ನು ಊಹಿಸಿಕೊಳ್ಳುವ ಶಕ್ತಿ ಮೊಮ್ಮಗನಿಗಿರಲಿಲ್ಲ. ಆಗಲಿ ಅಂದ.

ಹೀಗಾಗಿ ಅಬ್ಬಬ್ಬ ಊರು ನೋಡಲು ಹೊರಟಿದ್ದು ಹಿಂದುಹಿಂದಕ್ಕೆ ನಡೆದುಕೊಂಡು. ಒಂದು ಕೈಯಲ್ಲಿ ಮುಖದ ಮುಂದೆ ಹಿಡಿದ ಫೋನು. ಫೋನಿನಲ್ಲಿ ಮುಖ, ಮುಖದ ಹಿಂದೆ ಊರು. ನೋಡಬೇಕಾದ್ದೆಲ್ಲ ಬೆನ್ನ ಹಿಂದೆ. ಅವನಿಗೆ ಕಾಣುತ್ತಿದ್ದದ್ದು ಪರದೆಯ ತುಂಬ ಅಜ್ಜಿಯ ಮೂಗು. ಅವಳು ಫೋನನ್ನು ಬಾವಿಯಂತೆ ಬಗ್ಗಿ ನೋಡುವವಳು. ಮೂಲೆಯಲ್ಲಿ ಉಗುರಿನಷ್ಟು ಚೌಕದಲ್ಲಿ ಅವನದೇ ಚಿತ್ರ ಬರುತ್ತಿತ್ತು, ಅದರ ತುಂಬ ಅವನ ತಲೆ.

ಮೊದಲು ಸಿಕ್ಕಿದ್ದು ಹೊಳೆಯ ಮೇಲಿನ ಕಲ್ಲಿನ ಸೇತುವೆ. ಏನೂ ಕಾಣುತ್ತಿಲ್ಲ, ಬರೀ ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿದೆ ಅಂದಳು ಅಜ್ಜಿ. ಬಿಸಿಲು ನೇರವಾಗಿ ಫೋನಿಗೆ ಹೊಡೆಯುತ್ತಿತ್ತು. ಅಬ್ಬಬ್ಬ ಕೊಡೆ ಬಿಚ್ಚಿ ತಲೆಯ ಮೇಲೆ ಎತ್ತಿ ಹಿಡಿದ.

ಈಗ ಆ ಊರಿನ ಒಂದು ರೂಢಿಯನ್ನು ಹೇಳಬೇಕು. ಅಲ್ಲಿ ಪ್ರವಾಸಿಗಳಿಗೆ ಊರು ತೋರಿಸುವ ಗೈಡುಗಳು ಬಣ್ಣದ ಕೊಡೆಯನ್ನು ಎತ್ತಿ ಹಿಡಿದು, ಜನರ ಕಡೆ ಮುಖ ಮಾಡಿ, ಹಿಂದುಹಿಂದಕ್ಕೆ ನಡೆಯುತ್ತ ವಿವರ ಹೇಳುತ್ತಾರೆ. ಜನ ಕೊಡೆ ನೋಡಿಕೊಂಡು ಹಿಂಬಾಲಿಸುತ್ತಾರೆ. ಅಬ್ಬಬ್ಬನಿಗೆ ಇದು ಗೊತ್ತಿಲ್ಲ. ಭಾನುವಾರಗಳಲ್ಲಿ ಅವನು ತಟ್ಟೆ ಬಿಟ್ಟು ಬೇರೇನನ್ನು ನೋಡಿದ್ದ?

ಸೇತುವೆಯ ಮೇಲೆ ಅದಾಗಲೇ ನಿಜವಾದ ಗೈಡೊಬ್ಬ ತನ್ನ ನೀಲಿ ಕೊಡೆ ಹಿಡಿದು, ರೈಲು ತಡವಾಗಿ ಬರುತ್ತದೆ ಅನ್ನುವ ದನಿಯಲ್ಲಿ ಸೇತುವೆಯ ಉದ್ದ ಅಗಲ ಒಪ್ಪಿಸುತ್ತಿದ್ದ. ಅವನ ಮಂದೆ ಆಕಳಿಸುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿ ಕೆಂಪು ಕೊಡೆ ಅರಳಿತು, ಅದರ ಕೆಳಗಿನಿಂದ ಅಬ್ಬಬ್ಬನ ದನಿ ಎದ್ದಿತು.

“ಅಬ್ಬಬ್ಬಾ, ಅಜ್ಜಿ, ಈ ಕಲ್ಲುಗಳ್ನ ನೋಡು. ಮಧ್ಯೆ ಒಂದು ಚೂರು ಗಾರೆ ಇಲ್ಲ. ಒಂದಕ್ಕೊಂದು ಹೆಗಲು ಕೊಟ್ಕೊಂಡು ನಿಂತಿವೆ. ಒಬ್ಬ ಹೆಗಲು ತೆಗೆದ್ರೆ ಎಲ್ರೂ ಹೊಳೆಗೆ. ಆದ್ರೂ ಒಬ್ಬನೂ ತೆಗೆದಿಲ್ಲ ನೋಡು, ಎಷ್ಟು ಕಾಲದಿಂದ.”

ಭಾಷೆ ಯಾರಿಗೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಸೇತುವೆ ಇಷ್ಟು ಚೆನ್ನಾಗಿದೆ ಅಂತ ನೀಲಿ ಕೊಡೆಯವನು ಹೇಳಿಯೇ ಇರಲಿಲ್ಲ. ಕಪ್ಪು ಕನ್ನಡಕದ ಒಬ್ಬಳು ಮುದುಕಿ ಗಂಡನ ತೋಳು ಜಗ್ಗಿ ಈ ಕಡೆ ಸರಿದಳು. ಅವಳ ಹಿಂದೆ ಇನ್ನೊಂದಷ್ಟು ಜನ ಸರಿದರು. ನೋಡನೋಡುತ್ತ ನೀಲಿ ಕೊಡೆಯ ಕೆಳಗೆ ಗೈಡು ಒಬ್ಬನೇ ಉಳಿದ. ಅವನು ಹಲ್ಲು ಕಡಿದು ಯಾರಿಗೋ ಫೋನ್ ಮಾಡಿದ.

ಅಬ್ಬಬ್ಬ ಮುಂದೆ, ಅಂದರೆ ಹಿಂದೆ, ಹೊರಟ. ಜನವೂ ಹೊರಟಿತು. ತನ್ನ ಮುಂದೆ ಇಷ್ಟೊಂದು ಮಂದಿ ಬರುತ್ತಿರುವುದು ಅವನಿಗೂ ಕಾಣುತ್ತಿತ್ತು. ಎಲ್ಲರೂ ಗಡಿಯಾರಕ್ಕೇ ಹೋಗುವವರು ಅಂದುಕೊಂಡ. ತಾನು ನಿಂತರೆ ನಿಂತು, ನಡೆದರೆ ನಡೆಯುವುದನ್ನು ಕಂಡು, ಎಂಥ ಮರ್ಯಾದಸ್ತ ಜನ, ವಿದ್ಯಾರ್ಥಿಯನ್ನು ದಾಟಿಕೊಂಡು ಮುಂದೆ ಹೋಗುವುದಿಲ್ಲ ನೋಡು ಅಂತ ಅಜ್ಜಿಗೆ ವರ್ಣಿಸಿದ.

ಪೇಟೆ ಬೀದಿಯಲ್ಲಿ ಟೈಲರಮ್ಮನ ಸರದಿ. ಅಜ್ಜಿಯ ಮೂಗನ್ನು ಪಕ್ಕಕ್ಕೆ ತಳ್ಳಿ ಅವಳ ಹಣೆ ಪರದೆಗೆ ಬಂತು. ಗೋಪುರ ಆಮೇಲೆ ಇರಲಿ, ಅಗೋ ಹಸಿರು ಕೋಟಿನ ಹೆಂಗಸು ನಿಂತಿದ್ದಾಳಲ್ಲ, ಆ ಕೋಟಿನ ಅಂಚಿಗೆ ಹೊಲಿಗೆ ಕಾಣದ ಹಾಗೆ ಹೇಗೆ ಮಡಚಿದ್ದಾರೆ, ಹತ್ತಿರದಿಂದ ತೋರಿಸು ಅಂದಳು. ಹೊತ್ತಾಗುತ್ತಿದೆ ಅಂದ ಅಬ್ಬಬ್ಬ. ಫೋನು ಯಾರದ್ದು ಅಂತ ಕೇಳಿದಳು ಟೈಲರಮ್ಮ. ಅಬ್ಬಬ್ಬ ಹಿಮ್ಮುಖವಾಗಿಯೇ ಹೋಗಿ, ಹಸಿರು ಕೋಟಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಚಿಗೆ ಫೋನು ಹಿಡಿದ. ಹೊಲಿಗೆ ನಿಜಕ್ಕೂ ಕಾಣುತ್ತಿರಲಿಲ್ಲ. ಅವನ ಬಾಯಿಂದ ತಾನಾಗಿ ಉದ್ಗಾರ ಬಂತು.

ಹಿಂಬಾಲಿಸಿದವರೆಲ್ಲ ಬಗ್ಗಿದರು. ಒಬ್ಬರ ಹೆಗಲ ಮೇಲೊಬ್ಬರು ಇಣುಕಿ ಕೋಟಿನ ಅಂಚು ನೋಡಿ ತಲೆದೂಗಿದರು. ಆ ಹೆಂಗಸಿಗೆ ಮೊದಲು ಮೂಗಿನ ತುದಿಗೆ ಸಿಟ್ಟು ಬಂದದ್ದು ನಿಜ. ಆದರೆ ತನ್ನ ಕೋಟನ್ನು ಬೀದಿಯ ಜನವೆಲ್ಲ ಬೆರಗಾಗಿ ನೋಡುವುದು ಯಾರ ಬದುಕಿನಲ್ಲಿ ದಿನಾ ನಡೆಯುತ್ತದೆ? ಅವಳು ನಿಧಾನವಾಗಿ ತಿರುಗಿ ಇನ್ನೊಂದು ಬದಿಯನ್ನೂ ತೋರಿಸಿದಳು. ಆಮೇಲೆ ತಾನೂ ಗುಂಪಿಗೆ ಸೇರಿದಳು.

ಮುಂದೆ ಕಾರಂಜಿ. ಅಲ್ಲಿ ಮೇಷ್ಟ್ರು ಫೋನು ಹಿಡಿದರು. ನೀರು ಮೋಟಾರಿನಿಂದ ಏರುತ್ತದೋ, ಗುಡ್ಡದಿಂದ ಇಳಿದು ಬಂದ ಒತ್ತಡಕ್ಕೆ ಏರುತ್ತದೋ, ಇಷ್ಟನ್ನು ನೋಡಿ ಹೇಳು, ಇನ್ನೂ ಸ್ವಲ್ಪ ಹಿಂದಕ್ಕೆ ಹೋಗು, ಇನ್ನೂ ಸ್ವಲ್ಪ ಅಂದರು. ಅಬ್ಬಬ್ಬ ಇನ್ನೂ ಸ್ವಲ್ಪ ಹೋದ. ತೊಟ್ಟಿಯ ಕಟ್ಟೆ ಮಂಡಿಯ ಹಿಂಭಾಗಕ್ಕೆ ತಗುಲಿತು. ಮರುಕ್ಷಣ ನೀರಿನ ಮೇಲೆ ಕಾಣುತ್ತಿದ್ದದ್ದು ಎರಡೇ ಕೈ. ಒಂದರಲ್ಲಿ ಕೊಡೆ, ಇನ್ನೊಂದರಲ್ಲಿ ನೀರು ತಾಗದ ಫೋನು.

ಎದ್ದು ನಿಂತು, ಬಾಯಲ್ಲಿದ್ದ ನೀರು ಉಗಿದು, “ಗುಡ್ಡದ್ದೇ ಮೇಷ್ಟ್ರೇ, ಏನು ತಣ್ಣಗಿದೆ ಅಂತೀರಿ” ಅಂದ. ದನಿಯಲ್ಲಿ ಬೇಸರ ಇರಲಿಲ್ಲ. ಅಂಥ ನೀರನ್ನು ಅವನು ನಿಜವಾಗಿ ಮೆಚ್ಚಿಕೊಂಡಿದ್ದ.

ಜನ ಇದೂ ಕಾರ್ಯಕ್ರಮದಲ್ಲೇ ಇದೆ ಅಂದುಕೊಂಡರು. ಹೋದ ವರ್ಷದ ಗೈಡು ನಮಗಾಗಿ ಇಷ್ಟೆಲ್ಲ ಕಷ್ಟಪಡಲಿಲ್ಲ ಅಂತ ಕಪ್ಪು ಕನ್ನಡಕದ ಮುದುಕಿ ಗಂಡನಿಗೆ ಹೇಳಿದಳು. ಕೆಲವರು ಬೂಟು ಕಳಚಿ ತಾವೂ ತೊಟ್ಟಿಗೆ ಇಳಿದರು.

ಅಷ್ಟರಲ್ಲಿ ಎದೆಯ ಮೇಲೆ ಹಿತ್ತಾಳೆ ಬಿಲ್ಲೆ ಹಾಕಿಕೊಂಡ ಒಬ್ಬ ದಢೂತಿ ಮನುಷ್ಯ ಏದುಸಿರು ಬಿಡುತ್ತ ಬಂದ. ಊರಿನ ಗೈಡುಗಳಿಗೆಲ್ಲ ಅವನೇ ಮೇಲ್ವಿಚಾರಕ. ನೀಲಿ ಕೊಡೆಯವನು ಫೋನ್ ಮಾಡಿದ್ದು ಅವನಿಗೇ. ಬಿಲ್ಲೆ ಇಲ್ಲದೆ ಊರು ತೋರಿಸುವುದು ಆ ಊರಲ್ಲಿ ದೊಡ್ಡ ಅಪರಾಧ. ಎಲ್ಲಿ ನಿನ್ನ ಬಿಲ್ಲೆ ಅಂತ ಅವನು ಗುಂಪಿನ ಆಚೆಯಿಂದ ಕೂಗಿದ. ನೀರು ಹೊಕ್ಕ ಕಿವಿಗೆ ಅದು ತಲುಪಲಿಲ್ಲ. ಇವನಿಗೂ ಗಡಿಯಾರ ನೋಡುವ ಆಸೆ ಪಾಪ ಅಂದುಕೊಂಡ ಅಬ್ಬಬ್ಬ, ಬನ್ನಿ ಬನ್ನಿ, ಬೇಗ ಹೋಗೋಣ ಅಂತ ಕೊಡೆ ಬೀಸಿ ಕರೆದು ಹೊರಟ. ಮೇಲ್ವಿಚಾರಕ ಗುಂಪಿನೊಳಗೆ ನುಗ್ಗಿದ. ಜನ ಅವನನ್ನು ಹಿಂದಕ್ಕೆ ಬಿಡಲಿಲ್ಲ, ಮುಂದಕ್ಕೂ ಬಿಡಲಿಲ್ಲ, ನಡುವಿನಲ್ಲಿಟ್ಟುಕೊಂಡು ನಡೆಸಿದರು. ಅವನೂ ಊರು ನೋಡುತ್ತ ಬಂದಂತಾಯಿತು.

ಗಡಿಯಾರದ ಚೌಕಕ್ಕೆ ಅಬ್ಬಬ್ಬ ಕಾಲಿಟ್ಟಾಗ, ಮೊದಲು ತಲುಪಿದ್ದು ಅವನ ಬೆನ್ನು. ಗೋಪುರವನ್ನು ಅವನಿನ್ನೂ ನೋಡಿರಲಿಲ್ಲ. ಪರದೆಯಲ್ಲಿ ಗೋಪುರಕ್ಕೆ ಅಡ್ಡ ಬರದಿರಲೆಂದು ಕೊಡೆ ಮಡಚಿ ಕಂಕುಳಿಗೆ ಸಿಕ್ಕಿಸಿಕೊಂಡ. ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಿದ್ದ: ಗಂಟೆಯ ಮೊದಲ ಹೊಡೆತಕ್ಕೆ ಮುಖ ತೋರಿಸಿ ಮೇಷ್ಟ್ರ ಬಾಯಿ ಮುಚ್ಚಿಸುವುದು, ಎರಡನೆಯ ಹೊಡೆತಕ್ಕೆ ತಿರುಗಿಬಿಡುವುದು.

ಗಂಟೆ ಹೊಡೆಯಿತು. ಆ ಸದ್ದು ನೆಲದಿಂದ ಎದ್ದು ಅಂಗಾಲಿನ ಮೂಲಕ ತಲೆಗೆ ಏರಿತು. ಬೆನ್ನ ಹಿಂದೆ, ಎಲ್ಲೋ ಮೇಲೆ, ಮರದ ಬಾಗಿಲು ಕಿರ್ ಎಂದಿತು.

ಅಬ್ಬಬ್ಬ ಬಲಕ್ಕೆ ತಿರುಗಿದ. ಫೋನೂ ತಿರುಗಿತು.

“ಹೋಯ್ತು, ಹೋಯ್ತು. ಯಾರದೋ ಗೋಡೆ ಕಾಣ್ತಿದೆ,” ಅಂದಳು ಅಜ್ಜಿ. “ಮೇಷ್ಟ್ರು ನಗ್ತಿದಾರೆ ಮರಿ. ಸರಿಯಾಗಿ ನಿಂತ್ಕೋ.”

ಅವನು ಮೊದಲಿನಂತೆ ನಿಂತ. ಎಡಕ್ಕೆ ತಿರುಗಿದ. ಟೈಲರಮ್ಮ ಕಿರುಚಿಕೊಂಡಳು. ಮತ್ತೆ ಮೊದಲಿನಂತೆ ನಿಂತ. ಇನ್ನು ಕಣ್ಣು ಎಲ್ಲಿಡುವುದು? ಎದುರಿಗಿದ್ದ ಜನರ ಮೇಲಿಟ್ಟ.

ಅಲ್ಲಿ ಅವನು ಕಂಡದ್ದು ಸಣ್ಣದಲ್ಲ. ಚೌಕದ ತುಂಬ ಮುಖಗಳು ಸೂರ್ಯಕಾಂತಿ ಹೊಲದ ಹಾಗೆ ಒಂದೇ ಸಲ ಮೇಲಕ್ಕೆ ಎತ್ತಿದ್ದವು. ಹಸಿರು ಕೋಟಿನ ಹೆಂಗಸು ಎರಡೂ ಕೈ ಕೆನ್ನೆಗಿಟ್ಟುಕೊಂಡಿದ್ದಳು. ಕಪ್ಪು ಕನ್ನಡಕದ ಮುದುಕಿ ಕನ್ನಡಕ ತೆಗೆದಿದ್ದಳು; ಅವಳ ಕಣ್ಣು ಎಂಟು ವರ್ಷದ ಹುಡುಗಿಯದ್ದಾಗಿತ್ತು. ಏನೋ ಒಂದಕ್ಕೆ ಎಲ್ಲರೂ ಒಟ್ಟಿಗೆ ಉಸಿರು ಎಳೆದುಕೊಂಡರು, ಇನ್ನೇನೋ ಒಂದಕ್ಕೆ ಗೊಳ್ಳೆಂದು ನಕ್ಕರು. ಹಿಡಿಯಲು ಬಂದಿದ್ದ ಮೇಲ್ವಿಚಾರಕ ಕೂಡ ಬಾಯಿ ತೆರೆದುಕೊಂಡು ನಿಂತಿದ್ದ. ಅಬ್ಬಬ್ಬ ಒಬ್ಬೊಬ್ಬರ ಮುಖವನ್ನೂ ನೋಡಿದ. ಯಾವ ಮುಖವೂ ಇನ್ನೊಂದರಂತಿರಲಿಲ್ಲ. ಮನುಷ್ಯರು ಇಷ್ಟು ಚೆಂದ ಇರುತ್ತಾರೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಬಾಗಿಲು ಟಪ್ಪೆಂದು ಮುಚ್ಚಿಕೊಂಡಿತು. ಅವನು ಗಿರಕ್ಕನೆ ತಿರುಗಿದ. ಮೇಲೆ ಎರಡು ಪುಟ್ಟ ಬಾಗಿಲು, ಎರಡೂ ಮುಚ್ಚಿದ್ದವು.

ಚೌಕ ಚಪ್ಪಾಳೆಯಿಂದ ತುಂಬಿತು. ಜನ ಅವನನ್ನು ಸುತ್ತುಗಟ್ಟಿ, ಗೊಂಬೆಗಳ ಅರ್ಥ ಹೇಳು, ಯಾವುದು ಯಾರು ಬಿಡಿಸಿ ಹೇಳು ಅಂತ ಕೇಳತೊಡಗಿದರು. ಏನನ್ನೂ ನೋಡದ ಅಬ್ಬಬ್ಬ ಫೋನನ್ನು ಹತ್ತಿರಕ್ಕೆ ತಂದುಕೊಂಡ. ಪರದೆಯ ಮೇಲಿನ ಮೂಗನ್ನು ಕೇಳಿದ.

“ಅಜ್ಜಿ, ಏನೇನು ಬಂತು?”

“ಅಯ್ಯೋ ಮರಿ, ಏನಂತ ಹೇಳ್ಲಿ. ಮೊದಲು ಒಬ್ಬ ರಾಜ ಬಂದ, ಡೊಳ್ಳು ಹೊಟ್ಟೆ. ಹಿಂದಿನಿಂದ ಅವನ ಹೆಂಡ್ತಿ ಪೊರಕೆ ಹಿಡ್ಕೊಂಡು ಬಂದ್ಲು. ರಾಜ ಓಡ್ತಾನೆ, ಅವ್ಳು ಅಟ್ಟಿಸ್ತಾಳೆ. ಕೊನೆಗೆ ಒಂದು ಹುಂಜ ಬಂದು ಇಬ್ರಿಗೂ ಬೈತು.”

ಹುಂಜವಲ್ಲ, ಬಾತುಕೋಳಿ ಅಂದಳು ಟೈಲರಮ್ಮ. ಹೆಂಡತಿ ಅಲ್ಲ, ಅದು ಅಡುಗೆಯವಳು, ಕೈಯಲ್ಲಿದ್ದದ್ದು ಸೌಟು ಅಂದರು ಮೇಷ್ಟ್ರು. ಅಬ್ಬಬ್ಬ ಎಲ್ಲವನ್ನೂ ಆ ದೇಶದ ಮಾತಿಗೆ ತಿರುಗಿಸಿ, ಅಜ್ಜಿಯ ಕೈಸನ್ನೆ ಸಮೇತ ಹೇಳುತ್ತ ಹೋದ. ಹುಂಜವೋ ಬಾತೋ ಅನ್ನುವ ಜಗಳವನ್ನೂ ಬಿಡಲಿಲ್ಲ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ತಾವು ಕಂಡದ್ದಕ್ಕಿಂತ ಇವನು ಹೇಳಿದ್ದೇ ಚೆನ್ನಾಗಿದೆ ಅಂದರು.

ಆಗ ಮೇಲ್ವಿಚಾರಕ ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಎಲ್ಲಿ ನಿನ್ನ ಬಿಲ್ಲೆ ಅಂತ ಮತ್ತೆ ಕೇಳಿದ. ಬಿಲ್ಲೆಯ ಮಾತು ಈಗ ಅಬ್ಬಬ್ಬನ ಕಿವಿಗೂ ಬಿತ್ತು. ತಾನು ಗೈಡಲ್ಲ, ವಿದ್ಯಾರ್ಥಿ, ಅಜ್ಜಿಗೆ ತೋರಿಸುತ್ತಿದ್ದೆ ಅಷ್ಟೆ ಅಂತ ತೊದಲಿದ. ಆ ಮನುಷ್ಯ ಕೇಳಿಸಿಕೊಳ್ಳಲಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು.

“ನನ್ನ ತಲೆಕೂದಲು ಉದುರಿದ್ದು ಇದೇ ಚೌಕದಲ್ಲಿ ಕಣಯ್ಯ. ಎಷ್ಟು ಜನ ಗೈಡುಗಳ್ನ ನೋಡಿದೀನಿ. ಗಂಟೆ ಹೊಡೆದ ಕೂಡ್ಲೆ ಎಲ್ರೂ ತಿರುಗಿ ಗೊಂಬೆ ನೋಡ್ತಾರೆ, ಜನ ಎಡವಿ ಬಿದ್ರೂ ಗೊತ್ತಾಗಲ್ಲ. ನೀನೊಬ್ಬ ತಿರುಗಲಿಲ್ಲ. ಕಣ್ಣು ಪೂರ್ತಿ ಜನರ ಮೇಲಿಟ್ಟಿದ್ದೆ. ಹಿಂಗೆ ನಿಲ್ಲೋ ಒಬ್ಬನಿಗೋಸ್ಕರ ನಾನು ಕಾಯ್ತಾ ಇದ್ದೆ.”

ಹೇಳುತ್ತಲೇ ತನ್ನ ಎದೆಯ ಮೇಲಿನ ಬಿಲ್ಲೆ ಕಿತ್ತು ಅಬ್ಬಬ್ಬನ ಒದ್ದೆ ಅಂಗಿಗೆ ಚುಚ್ಚಿದ. ಮುಂದಿನ ವಾರದಿಂದ ಪ್ರತಿ ಭಾನುವಾರ ಮಧ್ಯಾಹ್ನ, ಇದೇ ಜಾಗ. ಭಾನುವಾರ ಹೋಟೆಲಿನಲ್ಲಿ ತಟ್ಟೆ ತೊಳೆಯಬೇಕಲ್ಲ ಅಂದ ಅಬ್ಬಬ್ಬ. ಹೋಟೆಲಿನವನಿಗೆ ನಾನೇ ಹೇಳುತ್ತೇನೆ, ಅವನು ನನ್ನ ಭಾವಮೈದುನ ಅಂದ ಮೇಲ್ವಿಚಾರಕ.

ಅಬ್ಬಬ್ಬನ ಮುಖ ಅರಳಿತು. ಹಾಗಾದರೆ ವಾರ ವಾರವೂ ಗಡಿಯಾರದ ಬುಡದಲ್ಲೇ ಇರಬಹುದು.

“ಸಾರ್, ಹಾಗಾದ್ರೆ ಮುಂದಿನ ಸಲ ನಾನೂ ಒಂಚೂರು ತಿರುಗಿ ನೋಡ್ಬಹುದಾ?”

ಮೇಲ್ವಿಚಾರಕ ಬೆಚ್ಚಿದ. “ತಿರುಗೋದಾ? ನಿನಗೆ ಬಿಲ್ಲೆ ಕೊಟ್ಟಿದ್ದೇ ತಿರುಗಲಿಲ್ಲ ಅಂತ. ನೀನು ಗೈಡು ಹೌದಾದ್ರೆ ಜನರನ್ನ ನೋಡ್ಕೊಂಡು ನಿಲ್ಲು. ಅಲ್ಲ ಅಂದ್ರೆ ಬಿಲ್ಲೆ ಇಲ್ದೆ ಊರು ತೋರಿಸಿದ ಕೇಸು ಬರೀತೀನಿ, ನಡಿ ಆಫೀಸಿಗೆ. ಯಾವುದು ಹೇಳು.”

ಅಬ್ಬಬ್ಬ ಬಾಯಿ ತೆರೆಯುವ ಮೊದಲೇ ಫೋನಿನಿಂದ ಗಲಾಟೆ ಕೇಳಿತು. ಬಿಲ್ಲೆ ಚುಚ್ಚಿದ್ದನ್ನು ಅಜ್ಜಿ ಕಂಡಿದ್ದಳು. ಮೊಮ್ಮಗನಿಗೆ ಏನೋ ದೊಡ್ಡ ಪದವಿ ಬಂತೆಂದು ಕಣ್ಣೊರೆಸಿಕೊಂಡು, ದಢೂತಿ ಮನುಷ್ಯನಿಗೆ ಎರಡೂ ಕೈ ಜೋಡಿಸಿದಳು. ಟೈಲರಮ್ಮ ಜೋಡಿಸಿದಳು. ಮೇಷ್ಟ್ರು ಕೂಡ, ಒಪ್ಪಿದೆ ಅನ್ನುವ ಹಾಗೆ, ಎದ್ದು ನಿಂತು ಕೈ ಮುಗಿದರು. ಮನೆಯ ಹಿರಿಯರೆಲ್ಲ ಒಪ್ಪಿಕೊಂಡರು ಅಂತ ಮೇಲ್ವಿಚಾರಕ ತಿರುಗಿ ನಮಸ್ಕರಿಸಿ, ಅಬ್ಬಬ್ಬನ ಬೆನ್ನು ತಟ್ಟಿ ಹೊರಟುಹೋದ.

ಜನ ಕರಗಿತು. ಒದ್ದೆ ಬಟ್ಟೆಯಲ್ಲಿ ನಿಂತ ಅಬ್ಬಬ್ಬ ಆ ಮುಚ್ಚಿದ ಬಾಗಿಲುಗಳನ್ನೇ ನೋಡುತ್ತಿದ್ದ. ಪರದೆಯ ತುಂಬ ಅಜ್ಜಿಯ ಮೂಗು ಮತ್ತೆ ಬಂದು ಪಿಸುಗುಟ್ಟಿತು.

“ಮರಿ, ಇನ್ನೊಂದು ಮಾತು. ಮುಂದಿನ ವಾರ ಒಂಚೂರು ಬಗ್ಗಿ ನಿಂತ್ಕೋ ಕಣೋ. ಹುಂಜಾನೋ ಬಾತುಕೋಳಿನೋ ಅಂತ ನೋಡೋಕೆ ಹೋದ್ರೆ, ನಿನ್ ತಲೆ ಅಡ್ಡ ಬಂದ್ಬಿಡ್ತು.”